ತಿಪ್ಪವ್ವನ ಕನ್ನಡಕಕ್ಕೆ ಮಂಜು ಹಿಡಿಯುವುದಿಲ್ಲ

ನವೆಂಬರ್ 11, ಸೋಮವಾರ
ಹಂಸಭಾವಿ. ಇಂದೂ ಮೆಕ್ಕೆಜೋಳ ಒಕ್ಕುವ ಮಷಿನ್ ಶುರುವಾದ ಹತ್ತು ನಿಮಿಷಕ್ಕೇ ಕಂಪನಿ ಕೊಟ್ಟ ಸೇಫ್ಟಿ ಕನ್ನಡಕ ಎಲ್ಲರ ಹಣೆಯ ಮೇಲೆ. ಧೂಳಿನ ಮಾಸ್ಕ್ ಹಾಕಿದರೆ ಉಸಿರು ಮೇಲೆ ನುಗ್ಗಿ ಗಾಜಿಗೆ ಮಂಜು ಕಟ್ಟುತ್ತದಂತೆ. ಅಂತೆ ಏನು, ನನಗೂ ಕಟ್ಟುತ್ತದೆ. ಆದರೆ ಸೇಫ್ಟಿ ರಜಿಸ್ಟರಿಗೆ ದಿನಾ ಸಹಿ ಹಾಕುವವನು ನಾನು. ಇನ್ನು ಎಂಟು ದಿನಕ್ಕೆ ಕಂಪನಿಯ ತಪಾಸಣೆ.

ಕೆಲಸದ ಹೆಣ್ಣುಮಕ್ಕಳಲ್ಲಿ ತಿಪ್ಪವ್ವ ಒಬ್ಬಳೇ ಕನ್ನಡಕ ತೆಗೆಯುವುದಿಲ್ಲ. ಒರೆಸುವುದೂ ಇಲ್ಲ. ಏನೋ ಇದೆ.

"ಏನ್ ಹಚ್ಚತೀ?" ಎಂದೆ.

"ಏನೂ ಹಚ್ಚಂಗಿಲ್ರೀ ಸರ. ನನ್ನ ಉಸುರ ತಣ್ಣಗೈತಿ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳಬೇಕು. ಈಕೆ ನಕ್ಕಳು.

ನವೆಂಬರ್ 13
ಸವಣೂರಿನಿಂದ ಹೆಂಡತಿಯ ಫೋನ್. ಕನ್ನಡಕದ ಪುರಾಣ ಹೇಳಿದೆ. ವೃಂದಾಳ ಮದ್ದು ತಯಾರು — "ಪಾತ್ರೆ ತಿಕ್ಕೋ ಸೋಪ್ ಒಂದ್ ಹನಿ ಸವರ್ರಿ, ತೊಳೀಬ್ಯಾಡ್ರಿ, ಅರಿವಿಲೆ ಒರಸ್ರಿ." ಮಾಡಿದೆ. ಮಾಸ್ಕಿನ ತಂತಿಯನ್ನು ಮೂಗಿಗೆ ಒತ್ತಿ, ಅದರ ಮೇಲೆ ಕನ್ನಡಕ. ಅರ್ಧ ತಾಸು ನಿಂತಿತು. ಆಮೇಲೆ ಮತ್ತದೇ.

ತಿಪ್ಪವ್ವನದು ಸಂಜೆಯವರೆಗೂ ತಿಳಿ. ಹುಬ್ಬಳ್ಳಿಯಿಂದ ಮಂಜು ಕಟ್ಟದ ಸ್ಪ್ರೇ ತರಿಸಿರಬೇಕು. ಊಟದ ಹೊತ್ತಿನಲ್ಲಿ ಅವಳ ಚೀಲ ನೋಡೋಣವೇ ಅನಿಸಿತು... ಹೆಣ್ಣುಮಗಳ ಚೀಲ, ಛೇ. ನೋಡಲಿಲ್ಲ.
ನೋಡಿದೆ. ರೊಟ್ಟಿ, ಎಲೆ-ಅಡಿಕೆ ಬಿಟ್ಟರೆ ಏನೂ ಇಲ್ಲ.

ನವೆಂಬರ್ 15
ಶೈಲಶ್ರೀ — ಹೊಸಬಳು, ಇಪ್ಪತ್ತೆರಡಿರಬಹುದು, ಮಷಿನ್ನಿನ ಬಾಯಿಗೇ ನಿಲ್ಲುತ್ತಾಳೆ — ನಿಮಿಷಕ್ಕೊಮ್ಮೆ ಕೆಲಸ ನಿಲ್ಲಿಸಿ ವೇಲಿನಿಂದ ಗಾಜು ಒರೆಸುತ್ತಾಳೆ. ಕೆಲಸಗಳ್ಳತನಕ್ಕೆ ನೆಪ. ಬೈದೆ.

"ಸರ, ಕಣ್ಣ ಕಾಣವಲ್ವು ನೋಡ್ರಿ."

"ತಿಪ್ಪವ್ವಗ ಕಾಣ್ತಾವಲ್ಲ? ಆಕೀನ ಕೇಳಿ ಕಲಿ. ಸೋಮವಾರನೂ ಹಿಂಗ ಒರಸ್ಕೋತ ನಿಂತ್ರ ಸೀದಾ ಮನೀಗೆ."

ತಿಪ್ಪವ್ವ ಅವಳನ್ನು ನೋಡಿದಳು. ಆಮೇಲೆ ನೆಲ ನೋಡಿದಳು. ಈ ನೋಟ ನನಗೆ ಸೇರಲಿಲ್ಲ.

ನವೆಂಬರ್ 18, ಸೋಮವಾರ
ಎಲ್ಲರದೂ ತಿಳಿ. ಹನ್ನೊಂದು ಜನ, ಒಬ್ಬರೂ ಒರೆಸುತ್ತಿಲ್ಲ. ಶೈಲಶ್ರೀ ಕೂಡ. ಹತ್ತಿರ ಹೋದರೆ ತಲೆ ಬಗ್ಗಿಸುತ್ತಾರೆ, ಸೆರಗು ಮುಂದಕ್ಕೆಳೆಯುತ್ತಾರೆ.

ಹೆಣ್ಣುಮಕ್ಕಳ ಮುಖ ದಿಟ್ಟಿಸಿ ನೋಡುವುದು ನಮ್ಮ ಮನೆತನದಲ್ಲಿ ಇಲ್ಲ. ಎರಡು ಮಾರು ದೂರದಿಂದಲೇ ಎಣಿಸಿದೆ. ಮಾಸ್ಕ್ ಹನ್ನೊಂದು, ಕನ್ನಡಕ ಹನ್ನೊಂದು. ಸ್ಪ್ರೇ ಹಂಚಿಕೊಂಡಿದ್ದಾರೆ, ನನಗೊಬ್ಬನಿಗೆ ಕೊಟ್ಟಿಲ್ಲ. ಸಹಿ ಹಾಕಿದೆ.

ನವೆಂಬರ್ 19
ತಪಾಸಣೆ ಪಾಸ್. "ಶಿಸ್ತು ಛಲೋ ಅದ ನಿಮ್ಮಲ್ಲಿ" ಎಂದರು ಸಾಹೇಬರು. ಅವರೂ ಬಾಗಿಲಲ್ಲೇ ನಿಂತು ನೋಡಿದ್ದು. ಶೈಲಶ್ರೀಗೆ ಶಹಬ್ಬಾಸ್ ಎಂದೆ. ನಗಲಿಲ್ಲ ಅವಳು. ಯಾಕೆ?

ನವೆಂಬರ್ 27, ಸಂಜೆ 5
ಹುಬ್ಬಳ್ಳಿ. ಕಣ್ಣಿನ ಆಸ್ಪತ್ರೆ. ಮಧ್ಯಾಹ್ನ ಮಷಿನ್ನಿನಿಂದ ಜೋಳದ ದಿಂಡಿನ ಚೂರು ಸಿಡಿದು ಶೈಲಶ್ರೀಯ ಎಡಗಣ್ಣಿಗೆ ಬಡಿಯಿತು. ಕನ್ನಡಕ ಮೂಗಿನ ಮೇಲೇ ಇತ್ತು. ಜೀಪಿನಲ್ಲಿ ಕರೆತಂದೆವು. ಗಾಜು ಒಡೆದು ಕಣ್ಣೊಳಗೆ ಹೋಯಿತೋ ಏನೋ ಎಂದು ತಡಸದ ಹತ್ತಿರ ಅವಳ ಕನ್ನಡಕ ಕೈಗೆ ತೆಗೆದುಕೊಂಡೆ. ಬೆರಳು ಆಚೆ ಹೊರಟಿತು. ಗಾಜೇ ಇಲ್ಲ. ಬರೀ ಚೌಕಟ್ಟು.

ತಿಪ್ಪವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. "ಒತ್ತಿದ್ರ ಕಳಚ್ತಾವ್ರಿ ಅವು. ಎಲ್ಲಾರದೂ ಹಂಗ. ಇಕಿಗೆ ಬ್ಯಾಡ ಅಂದೆ, ನೀ ಮಷಿನ್ ಮುಂದ ನಿಂದ್ರಾಕಿ ಅಂದೆ. ಸರ ಮನೀಗೆ ಕಳಸ್ತಾರ ಅಂತ ಅತ್ತಳ್ರಿ."

ಸೋಪು, ಸ್ಪ್ರೇ, ಕೆಲಸಗಳ್ಳತನ — ಎಲ್ಲವನ್ನೂ ಅನುಮಾನಿಸಿದೆ. ಗಾಜನ್ನು ಮಾತ್ರ ಮುಟ್ಟಿ ನೋಡಲಿಲ್ಲ. ನಾಚಿಕೆಯಾಗುತ್ತಿದೆ. ಹೆದರಿಕೆಯೂ.

ಡಿಸೆಂಬರ್ 2
ಎಡಗಣ್ಣಿಗೆ ಮತ್ತೆ ನೋಟ ಬರುವುದಿಲ್ಲ ಎಂದರು ಡಾಕ್ಟರು.

ಅಪಘಾತದ ಫಾರ್ಮ್ ಮುಂದಿದೆ. 'ಕನ್ನಡಕ ಧರಿಸಿದ್ದರೇ?' ಹೌದು ಎಂದು ಬರೆದರೆ ಸುಳ್ಳಲ್ಲ, ನಾನು ಉಳಿಯುತ್ತೇನೆ. ಇಲ್ಲ ಎಂದು ಬರೆದರೆ ತಪ್ಪು ಅವಳದು, ಆಗಲೂ ನಾನೇ ಉಳಿಯುತ್ತೇನೆ. ಇಂಥ ಫಾರ್ಮ್ ಮಾಡಿದವನ ಮೇಲೂ ನನಗೆ ಅನುಮಾನ.

ಕೆಳಗೆ 'ಷರಾ' ಎಂದು ಒಂದೇ ಸಾಲು ಬಿಟ್ಟಿದ್ದಾರೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ —

ಕನ್ನಡಕ ಇತ್ತು, ಗಾಜು ಇರಲಿಲ್ಲ. ತೆಗೆದವಳು ಅವಳು. ತೆಗೆಸಿದವನು ನಾನು, ಸುಶೀಂ...