ಮಂಚದ ಕಾಲ್ದೆಸೆಯ ಹಾಳೆ

೧೪ನೇ ತಾರೀಕು, ಬುಧವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಿ,

ಅಕ್ಕನ ಆಶೀರ್ವಾದ. ಕಾಗದ ತಡವಾಯಿತು, ಹೊಟ್ಟೆಗೆ ಹಾಕಿಕೋ. ಫೋನಿನಲ್ಲಿ ದಿನಾ "ಬಾಣಂತಿ, ಮಗು ಇಬ್ಬರೂ ಚೆನ್ನಾಗಿದ್ದಾರೆ" ಎಂದೆನಲ್ಲ, ಅದು ಅರ್ಧ ಸುಳ್ಳು. ಮಗು ಚೆನ್ನಾಗಿತ್ತು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿರುವ ನಿನಗೆ ಉಳಿದರ್ಧ ಹೇಗೆ ಹೇಳಲಿ? ಈಗ ನಿನ್ನ ಮಗಳೂ ಚೆನ್ನಾಗಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗದೆ ಪೂರ್ತಿ ಓದು.

ಹೆರಿಗೆಯಾದ ಮಾರನೆಯ ದಿನದಿಂದ ಅವಳ ಕಣ್ಣು ಒಣಗಲಿಲ್ಲ. ನಮ್ಮ ವಾರ್ಡಿನಲ್ಲಿ ಪ್ರತಿ ಮಂಚದ ಕಾಲ್ದೆಸೆಯಲ್ಲೂ ಒಂದು ಹಾಳೆ ತೂಗುತ್ತದೆ. ಜ್ವರ, ನಾಡಿ, ಊಟ, ಕೊನೆಗೆ ಮನಸ್ಥಿತಿ. ಪಾಳಿ ಬದಲಾಗುವಾಗ ನಿಂತಲ್ಲೇ ಬರೆದು ಮುಂದಿನ ಮಂಚಕ್ಕೆ ಹೋಗುತ್ತೇವೆ. ಅವಳ ಹಾಳೆಯ ಕೊನೆಯ ಸಾಲಿನಲ್ಲಿ ಯಾವಾಗಲೂ ಒಂದೇ ಇಂಗ್ಲಿಷ್ ಪದ: ಟಿಯರ್‌ಫುಲ್.

ಹೊಸದಾಗಿ ಸೇರಿದ ನರ್ಸೊಬ್ಬಳು ಕೇಳಿದಳು, "ಸಿಸ್ಟರ್, ಅಳ್ತಿದಾರೆ ಅಂತಲೇ ಬರೆದ್ರೆ ಆಗಲ್ವಾ?"

ಇಪ್ಪತ್ತೇಳು ವರ್ಷದ ಸರ್ವಿಸ್ ಅಲ್ಲವೇ, ಪಾಠ ಶುರು ಮಾಡಿದೆ. "ಅಳೋದು ಅಂದ್ರೆ ನೀರು ಇಳಿದಾಯ್ತು ಅಂತ. ಇದು ಹಾಗಲ್ಲ. ಕಣ್ಣು ತುಂಬಿರುತ್ತೆ, ಮಾತಾಡಿಸಿದ್ರೆ ಸಾಕು, ತುಳುಕುತ್ತೆ. ಹೆರಿಗೆ ವಾರ್ಡಲ್ಲಿ ದಿನಾ ಬೇಕಾಗೋ ಪದ ಕಣೇ."

ಅವಳು ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸರಿ ಸಿಸ್ಟರ್. ಯಾಕೆ ಅಂತ ಎಲ್ಲಿ ಬರೀಬೇಕು?"

ಅದಕ್ಕೆ ಜಾಗವೇ ಇರಲಿಲ್ಲ, ಪುಟ್ಟಿ. ನಾಲ್ಕು ದಿನದಲ್ಲಿ ಹನ್ನೆರಡು ಸಲ ಬರೆದಿದ್ದೆವು, ಅದರಲ್ಲಿ ನಾಲ್ಕು ನನ್ನದೇ ಅಕ್ಷರ. ಯಾಕೆ ಎಂದು ಒಬ್ಬರೂ ನಿನ್ನ ಮಗಳನ್ನು ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಸ್ಟೂಲ್ ಎಳೆದುಕೊಂಡು ಅವಳ ಪಕ್ಕ ಕೂತೆ. "ಏನಿಲ್ಲ ದೊಡ್ಡಮ್ಮ" ಎಂದಳು. ನಾನು ಏಳಲಿಲ್ಲ. ಮಗುವಿನ ಬಟ್ಟೆ ಮಡಚುತ್ತಾ ಕೂತೆ. ಕೊನೆಗೆ, "ಮಗು ನನ್ನ ಕೈಯಿಂದ ಜಾರಿ ಬೀಳುತ್ತೆ ಅನ್ಸುತ್ತೆ. ಕಣ್ಣು ಮುಚ್ಚಿದ್ರೆ ಅದೇ. ಹೇಳಿದ್ರೆ ಮಗೂನ ದೂರ ಇಡ್ತೀರೇನೋ ಅಂತ ಸುಮ್ನಿದ್ದೆ" ಎಂದವಳೇ ಬಿಕ್ಕಿ ಬಿಕ್ಕಿ ಅತ್ತಳು. ಡಾಕ್ಟರಮ್ಮನನ್ನು ಕರೆಸಿದೆ. "ಎಷ್ಟೋ ತಾಯಂದ್ರಿಗೆ ಹೀಗಾಗುತ್ತಮ್ಮ. ಮಗು ನಿನ್ನ ಹತ್ರಾನೇ ಇರುತ್ತೆ, ಜೊತೆಗೆ ನಾವೂ ಇರ್ತೀವಿ" ಎಂದರು. ಅವತ್ತು ಮಧ್ಯಾಹ್ನ ಗೊರಕೆ ಹೊಡೆದು ನಿದ್ದೆ ಮಾಡಿದಳು, ನಿನ್ನ ಮಗಳೇ ಸರಿ.

ಇವತ್ತು ಬೆಳಿಗ್ಗೆ ಮಗುವಿಗೆ ತಾನೇ ಸ್ನಾನ ಮಾಡಿಸಿದಳು. ಸೋಪು ಹಚ್ಚಿದ ಮಗುವನ್ನು ಹಿಡಿಯುವುದು ಎಷ್ಟು ಕಷ್ಟ ಅಂತ ನಿನಗೆ ಗೊತ್ತಲ್ಲ. ಕೈ ಒಂದಿಷ್ಟೂ ನಡುಗಲಿಲ್ಲ. ಆ ಪುಂಡ ಅವಳ ಮೇಲೇ ಉಚ್ಚೆ ಹೊಯ್ದ. ವಾರ್ಡಿಗೆಲ್ಲ ಕೇಳುವಂತೆ ನಕ್ಕಳು! ಹೊಸ ನರ್ಸ್ ಹಾಳೆಯಲ್ಲಿ ಅದನ್ನು ಕಾರಣ ಸಮೇತ ಬರೆದಿದ್ದಾಳೆ. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು.

ಆ ಕಾಲಿನ ಮೇಲೆ ಭಾರ ಹಾಕಬೇಡ. ಮಗಳು, ಮೊಮ್ಮಗನೊಂದಿಗೆ ನೂರು ಕಾಲ ನಗುತ್ತಿರು.

ನಿನ್ನ
ಅಕ್ಕ

ತಾ.ಕ.: ಮರೆತು ಬಿಟ್ಟದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಈ ಮಗಳನ್ನು ಹೆತ್ತಾಗ ನೀನು ಇದೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಒಂಬತ್ತು ದಿನ ಇದ್ದೆ. ಆಗ ಹೊಸ ನರ್ಸ್ ನಾನು. ನಿನ್ನ ಹಾಳೆಯಲ್ಲೂ ದಿನಾ ಅದೇ ಪದವನ್ನು ದುಂಡಗೆ ಬರೆದು ಮುಂದಿನ ಮಂಚಕ್ಕೆ ಹೋದೆ. ಆಮೇಲೆ ಒಂದು ವರ್ಷ ನೀನು ನನ್ನೊಡನೆ ಸರಿಯಾಗಿ ಮಾತಾಡಲಿಲ್ಲ. ನಿನಗೇ ಬಿಗುಮಾನ ಎಂದುಕೊಂಡೆ. ಆಗ ಯಾಕೆ ಅಳುತ್ತಿದ್ದೆ, ಪುಟ್ಟಿ? ಎಷ್ಟು ಪುಟವಾದರೂ ಬರಿ. ಕೂತು ಓದುತ್ತೇನೆ.