ಸೀಟು ಮುಂದಕ್ಕೆ ಎಳೆದವರು ಯಾರು?

ಅಮ್ಮಾ,

ಹಾಲು ಕಾಯಿಸಿದ್ದೀನಿ, ಆರಿದ ಮೇಲೆ ಫ್ರಿಜ್ಜಿಗಿಡು.

ಈಗ ವಿಚಾರಣೆ. ಅಣ್ಣ ಟೂರಿಗೆ ಹೋಗಿ ನಾಲ್ಕು ದಿನವಾಯ್ತು. ಬೆಳಿಗ್ಗೆ ಅವನ ಹಳೇ ಸ್ಪೋರ್ಟ್ಸ್ ಕಾರೊಳಗೆ ಇಣುಕಿದರೆ, ಡ್ರೈವರ್ ಸೀಟು ಸ್ಟೀರಿಂಗಿಗೆ ಅಂಟಿಕೊಂಡಿದೆ! ಅಲ್ಲಿ ಕೂತರೆ ಅವನ ಮಂಡಿ ಗದ್ದಕ್ಕೆ ಬಡಿಯುತ್ತೆ. ಯಾವನೋ ಕುಳ್ಳ ಕಳ್ಳ ಅಂದುಕೊಂಡೆ. ಸೀಟಿನಡಿ ಸಿಕ್ಕಿದ್ದು ನಿನ್ನ ಕನ್ನಡಕದ ಡಬ್ಬಿ.

ಅವನು ಹೊಸದಾಗಿ ಹಾಕಿಸಿರೋ ರೇಸಿಂಗ್ ಕ್ಲಚ್ಚನ್ನ ಅವನೇ ಹಲ್ಲು ಕಚ್ಚಿ ಒತ್ತುತ್ತಾನೆ. "ಕಾಲು ಹೋದರೆ ಹೋಗಲಿ, ಪಿಕಪ್ ನೋಡೇ ಪಿಕಪ್ಪು!" ಅಂತಾನೆ. ನಿನ್ನ ಎಡಮಂಡಿಗೆ ಆಪರೇಷನ್ ಆಗಿ ಮೂರೇ ತಿಂಗಳು. ಮೆಟ್ಟಿಲು ಕಂಡರೆ "ಅಯ್ಯಯ್ಯೋ, ನನ್ ಕೈಲಾಗಲ್ಲಮ್ಮಾ" ಅಂತ ರಾಗ. ವ್ಯಾಯಾಮದ ರಬ್ಬರ್ ಪಟ್ಟಿ ಇನ್ನೂ ಪ್ಯಾಕೆಟ್ಟಲ್ಲೇ ಇದೆ. ಆದರೂ ನಿನ್ನೆ ಫಿಸಿಯೋ ಡಾಕ್ಟರು "ಭಲೇ, ಮಂಡಿ ಎಷ್ಟು ಚೆನ್ನಾಗಿ ಮಡಚ್ತಿದೆ!" ಅಂದಾಗ ನೀನು ಗೋಡೆ ಕಡೆ ತಿರುಗಿ ನಕ್ಕೆ. ನಾನು ನೋಡಿದೆ. ಪಟ್ಟಿ ಬದಲು ಆ ಕ್ಲಚ್ಚು ಒತ್ತಿದ್ದೀಯ ಅಂತ ಈಗ ಗೊತ್ತಾಯ್ತು.

ಅಣ್ಣ ಸಂಜೆ ಬರ್ತಾನೆ. ಸೀಟು ಹಿಂದಕ್ಕೆ ತಳ್ಳಿದ್ದೀನಿ, ಅವನಿಗೆ ಬಾಯಿ ಬಿಡಲ್ಲ. ನೀನು ಮಾತ್ರ ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ನಿಜ ಹೇಳು. ಮಂಡಿ ಮತ್ತೆ ಕೆಟ್ಟರೆ ಅದಕ್ಕೆ ಗ್ಯಾರೇಜಿಲ್ಲ. ಅವರು ಹೂಂ ಅನ್ನೋವರೆಗೂ ಕಾರಿನ ಸ್ಪೇರ್ ಕೀ ನನ್ನ ಬ್ಯಾಗಲ್ಲಿರುತ್ತೆ.

ಹೂಂ ಅಂದರೆ, ಅಣ್ಣನ ಹತ್ರ ಕಾರು ಕೇಳೋದು ನನ್ನ ಕೆಲಸ; ನಾಳೆ ನನ್ನನ್ನ ಆಫೀಸಿಗೆ ಬಿಡೋಳು ನೀನೇ.

– ಚಿಕ್ಕೋಳು