ಹನ್ನೊಂದನೆಯ ಮೋರಿ

ವೂರ್‌ಬರ್ಗ್, ನೆದರ್ಲೆಂಡ್ಸ್

ಗೆಳೆಯ ಹಾಲಪ್ಪನಿಗೆ,

ನಿನ್ನ ಡ್ರೈವರ್ ಮನ್ಸೂರನಿಂದ ಒಂದು ಸಲಾಮು, ಒಂದು ಸೆಲ್ಯೂಟು. ಮೂವತ್ತೇಳು ವರ್ಷದ ಮೇಲೆ ಕಾಗದ ಬಂತಲ್ಲ ಎಂದು ಹೌಹಾರಬೇಡ. ನಾನು ಸಾಯುತ್ತಿಲ್ಲ, ಹತ್ತಿರದಲ್ಲಿ ಸಾಯುವ ಅಂದಾಜೂ ಇಲ್ಲ. ಸಕ್ಕರೆ ಕಾಯಿಲೆ ಇಲ್ಲ, ಒಂದು ಬಿಟ್ಟರೆ ಹಲ್ಲೆಲ್ಲ ನನ್ನವೇ. ನಿನ್ನ ವಿಳಾಸವನ್ನೂ ಫೋನ್ ನಂಬರನ್ನೂ ನಮ್ಮ ವೈರ್‌ಲೆಸ್ ಶೇಷಾದ್ರಿ ಕೊಟ್ಟ. ಆದರೆ ಫೋನಿನಲ್ಲಿ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ, ನಿನಗೆ ಗೊತ್ತು. ಕೈಯಲ್ಲಿ ಬರೆದು ಸುಳ್ಳು ಹೇಳುವುದು ಬಹಳ ಶ್ರಮದ ಕೆಲಸ. ಅದಕ್ಕೇ ಕಾಗದ.

ನನ್ನ ತಂಗಿಯ ಮಗಳು ತಲತ್ ಇಲ್ಲಿ ಕೆಲಸದಲ್ಲಿದ್ದಾಳೆ. ಮೂರು ತಿಂಗಳು ಇದ್ದು ಹೋಗಿ ಎಂದು ನನ್ನನ್ನೂ ನನ್ನ ಹೆಂಡತಿ ಅಮ್ನಾಳನ್ನೂ ಕರೆಸಿಕೊಂಡಿದ್ದಾಳೆ. ಊರ ಶಾಲೆಯಲ್ಲಿ ಏಳನೇ ಇಯತ್ತೆ ಓದಿದವನು ನಾನು, ಈಗ ಡಚ್ಚರ ಜೊತೆ ಡಚ್ಚಿನಲ್ಲೇ ಮಾತಾಡುತ್ತೇನೆ. ನನಗೆ ಬರುವುದು ಒಂಬತ್ತು ಶಬ್ದ. ಅವರು ಹತ್ತನೆಯದಕ್ಕೆ ಬರುವಷ್ಟರಲ್ಲಿ ನಕ್ಕು ಮುಂದೆ ಹೋಗಿಬಿಡುತ್ತೇನೆ.

ಮನೆಯ ಹತ್ತಿರ ವ್ಲೀಟ್ ಎಂಬ ಕಾಲುವೆಯಿದೆ. ದೋಣಿ ಬಂದರೆ ಸೇತುವೆ ಗಂಟೆ ಬಾರಿಸಿಕೊಂಡು ತಾನೇ ಎದ್ದು ನಿಲ್ಲುತ್ತದೆ. ಕಾರು, ಸೈಕಲ್ಲು ಎಲ್ಲ ಒಂದರ ಹಿಂದೊಂದು ಸಾಲುಗಟ್ಟಿ ಕಾಯುತ್ತವೆ. ಮೊದಲ ದಿನ ಆ ಸಾಲು ಕಂಡಾಗ ನನ್ನ ಬಲಗಾಲು ತಾನಾಗಿ ಬ್ರೇಕು ಹುಡುಕಿತು ಕಣೋ. ನಮ್ಮ ಲಾರಿ ಸಾಲಿನ ಹಾಗೆ ತಲೆಯಲ್ಲಿ ನೀಲಿ ಬಾವುಟ ಎಲ್ಲಿ, ಬಾಲದಲ್ಲಿ ಹಸಿರು ಬಾವುಟ ಎಲ್ಲಿ ಎಂದು ಕಣ್ಣು ಅತ್ತಿತ್ತ ಓಡಿತು. ಸಣ್ಣ ಮೋರಿ ಸಿಕ್ಕರಂತೂ ಈಗಲೂ ನಿಂತು, ಬಗ್ಗಿ, ಕೆಳಗೆ ನೋಡಿಯೇ ದಾಟುವುದು.

"ಮಾಮೂ, ಸೈಕಲ್ ದಾರೀಲಿ ಹೀಗೆ ನಿಲ್ಬೇಡಿ, ಹಿಂದೆ ಬರೋರು ಬೈತಿದಾರೆ," ಎಂದು ತಲತ್ ತಲೆ ಚಚ್ಚಿಕೊಳ್ಳುತ್ತಾಳೆ.

"ಬೈಲಿ ಬಿಡವ್ವ, ಡಚ್ಚಿನಾಗ ಬೈದ್ರ ನನಗ ತಾಗೂದಿಲ್ಲ," ಎನ್ನುತ್ತೇನೆ.

ಲಂಕೆಯ ಆ ಕಾಡು ನಿನಗೂ ನೆನಪಾಗುತ್ತದೆಯೇ? ನನಗೆ ದಿನಾ ಆಗುತ್ತದೆ. ಕ್ಯಾಂಪಿನಿಂದ ಪೇಟೆಯವರೆಗಿನ ಆ ಕೆಂಪು ಮಣ್ಣಿನ ರಸ್ತೆ, ಎರಡೂ ಕಡೆ ಹತ್ತು ಹೆಜ್ಜೆ ಒಳಗೇನಿದೆ ಎಂದು ಕಾಣದ ಹಸಿರು. ನಮಗೆ ಶಾಂತಿ ಪಡೆ ಎಂದು ಹೆಸರು, ಆದರೆ ನಮ್ಮನ್ನು ನೋಡಿ ಅಲ್ಲಿನ ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಮುಂದೆ ಉಕ್ಕಿನ ಪಟ್ಟಿಗಳ ಮೇಲೆ ಉರುಳುವ ನಮ್ಮ ಬಿಎಂಪಿ ಯುದ್ಧಗಾಡಿ, ಅದರ ಹಿಂದೆ ರೇಷನ್ನಿನ ಲಾರಿ, ಟಪಾಲಿನ ಲಾರಿ, ರಜೆಗೆ ಹೋಗುವವರ ಲಾರಿ. ತಲೆ ಹೊರಗೆ ಹಾಕಿಕೊಂಡು ಓಡಿಸುತ್ತಿದ್ದವನು ನಾನು. ನನ್ನ ಬೆನ್ನಿಗೇ ಕಮಾಂಡರ್ ಸೀಟಿನಲ್ಲಿ ನೀನು. ಕಿವಿಗೆ ಹಾಕುವ ಫೋನು ವಾರದಲ್ಲಿ ನಾಲ್ಕು ದಿನ ಕೆಟ್ಟಿರುತ್ತಿತ್ತು. ಆಗ ನಿನ್ನ ಬೂಟೇ ನನಗೆ ಲಗಾಮು: ಬಲಭುಜಕ್ಕೆ ಒದ್ದರೆ ಬಲಕ್ಕೆ, ಎಡಕ್ಕೆ ಒದ್ದರೆ ಎಡಕ್ಕೆ, ಎರಡಕ್ಕೂ ಒದ್ದರೆ ನಿಲ್ಲು. ಕಾರಣವಿಲ್ಲದೆಯೂ ಒದೆಯುತ್ತಿದ್ದೆ ನೀನು, ಕೇಳಿದರೆ "ಎಚ್ಚರ ಅದೀಯೋ ಇಲ್ಲೋ ನೋಡಿದೆ" ಎನ್ನುತ್ತಿದ್ದೆ.

ಒಂದು ಸಲ ಹಲಸಿನ ಹಣ್ಣು ಕದ್ದು ಗಾಡಿಯೊಳಗೆ ಮುಚ್ಚಿಟ್ಟೆವಲ್ಲ? ಸಾಹೇಬರು ತಪಾಸಣೆಗೆ ಬಂದು ಮೂಗು ಅರಳಿಸಿದಾಗ "ಹೊಸ ಗ್ರೀಸು ಸಾಬ್" ಎಂದವನು ನೀನೇ. ಕಾದ ಎಂಜಿನ್ ಮುಚ್ಚಳದ ಮೇಲೆ ನಾನು ಮೊಟ್ಟೆ ಹುರಿಯುತ್ತಿದ್ದೆ. ನಿನಗೆ ಮಾತ್ರ ಏನು ತಿಂದರೂ ಜೋಳದ ರೊಟ್ಟಿಯದೇ ಧ್ಯಾನ. ಅಂಥ ಹಸಿವು, ಅಂಥ ನಗೆ ಮತ್ತೆ ಎಲ್ಲಿಯೂ ಸಿಗಲಿಲ್ಲ ಹಾಲಪ್ಪ. ಹೆದರಿಕೆ ಇದ್ದ ಕಡೆಯೇ ಅದೂ ಬೆಳೆಯುತ್ತದೋ ಏನೋ.

ಇನ್ನು ಮೋರಿಗಳು. ಮೈನು ಹುಗಿಯುವವರಿಗೆ ಮೋರಿಯ ಕೆಳಗಿನ ಜಾಗವೆಂದರೆ ಪ್ರಾಣ. ಅದಕ್ಕೇ ಪ್ರತಿ ಮೋರಿಗೂ ಮೂವತ್ತು ಹೆಜ್ಜೆ ಮೊದಲೇ ಸಾಲು ನಿಲ್ಲಬೇಕು, ಒಬ್ಬ ಇಳಿದು ಹೋಗಿ ಕೆಳಗೆ ಬಗ್ಗಿ ನೋಡಿ ಕೈ ಎತ್ತಬೇಕು. ನಮ್ಮ ದಾರಿಯಲ್ಲಿ ಇದ್ದದ್ದು ಹದಿನಾಲ್ಕು. ನಾವಿಬ್ಬರೇ ಒಪ್ಪಂದ ಮಾಡಿಕೊಂಡಿದ್ದೆವು, ಬೆಸ ಸಂಖ್ಯೆಯವು ನನ್ನವು, ಸರಿ ಸಂಖ್ಯೆಯವು ನಿನ್ನವು.

ಈಗ ವಿಷಯಕ್ಕೆ ಬರುತ್ತೇನೆ. ತಲತ್‌ಗೆ ಬಿಸ್ಮಾ ಎಂಬ ಹತ್ತು ವರ್ಷದ ಮಗಳಿದ್ದಾಳೆ. ಇಲ್ಲಿನ ಶಾಲೆಗಳಲ್ಲಿ ಸ್ಪ್ರೇಕ್‌ಬರ್ಟ್ ಎಂದೊಂದು ಪದ್ಧತಿ. ಪ್ರತಿ ಮಗುವೂ ತನಗೆ ಬೇಕಾದ ವಿಷಯದ ಮೇಲೆ ತರಗತಿಯ ಮುಂದೆ ನಿಂತು ಭಾಷಣ ಮಾಡಬೇಕು. ಒಬ್ಬ ಮೊಲದ ಬಗ್ಗೆ ಹೇಳಿದನಂತೆ, ಇನ್ನೊಬ್ಬಳು ಚೀಸಿನ ಬಗ್ಗೆ. ನಮ್ಮವಳು ಆರಿಸಿಕೊಂಡದ್ದು ತನ್ನ ನಾನಾನನ್ನು, ಈ ಅಜ್ಜನನ್ನು! ನಾನು ಹಿಗ್ಗಿ ಹೀರೇಕಾಯಿಯಾದೆ. ಮೂರು ಸಂಜೆ ಕೂತು ಹೇಳಿದ್ದೇ ಹೇಳಿದ್ದು. ಇಪ್ಪತ್ತೆರಡು ಲಾರಿಗಳು ಅರವತ್ತಾದವು. "ಇವರ ಲಾರಿಗಳಿಗೆ ವರ್ಷಾ ವರ್ಷಾ ಹೆರಿಗೆ ಆಗ್ತಾನೇ ಇರ್ತದೆ," ಎಂದು ಅಮ್ನಾ ಅಡುಗೆಮನೆಯಿಂದ ಕೂಗಿದಳು. ಹನ್ನೊಂದನೆಯ ಮೋರಿಯಲ್ಲಿ ಮದ್ದಿನ ವಾಸನೆ ಹಿಡಿದು ನಾನೇ ಸಾಲು ನಿಲ್ಲಿಸಿದೆ ಎಂದೆ, ಇಳಿದು ನೋಡಲು ಹೋದ ಗೆಳೆಯನಿಗೆ ಪೆಟ್ಟಾಯಿತು, ಎತ್ತಿ ತಂದು ಉಳಿಸಿದೆ ಎಂದೆ. ಊರಲ್ಲಿ, ಮದುವೆ ಮನೆಗಳಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡು ಬಂದದ್ದೂ ಅದನ್ನೇ.

ಆ ಹುಡುಗಿ ರಸ್ತೆಯ ನಕ್ಷೆ ಬರೆದು ಹದಿನಾಲ್ಕು ಸೊನ್ನೆ ಸುತ್ತಿ, ನನ್ನವಕ್ಕೆ ನೀಲಿ, ನಿನ್ನವಕ್ಕೆ ಹಸಿರು ಬಣ್ಣ ಹಚ್ಚುತ್ತ ಬಂದಳು. ಹನ್ನೊಂದರ ಮೇಲೆ ಪೆನ್ಸಿಲ್ ನಿಂತಿತು. ಅವಳಿಗೆ ಕನ್ನಡ ಬರುವುದಿಲ್ಲ, ಮನೆಯ ದಖನಿ ಉರ್ದುವಿನಲ್ಲೇ ಕೇಳಿದಳು: ನಾನಾ, ಹನ್ನೊಂದು ಬೆಸ ಅಲ್ವಾ? ಅದು ನಿಮ್ಮ ಸರದಿ. ಕೆಳಗೆ ಇಳಿದಿದ್ದು ಅವರು ಯಾಕೆ?

ಸೈನ್ಯದ ಸಾಹೇಬರುಗಳೇ ಕೇಳದ ಪ್ರಶ್ನೆ ಅದು. ನಾನು ಕೆಮ್ಮಿದೆ, ನೀರು ಕುಡಿದೆ. ಅವಳು ಬಿಡಲಿಲ್ಲ. ಟೀಚರು ಹೇಳಿದ್ದಾರಂತೆ, ಒಬ್ಬರು ಹೇಳಿದ್ದನ್ನೇ ನಂಬಬಾರದು, ಅಲ್ಲಿದ್ದ ಇನ್ನೊಬ್ಬರನ್ನೂ ಕೇಳಬೇಕು ಎಂದು. "ಹಾಗಾದರೆ ಹಾಲಪ್ಪ ನಾನಾರನ್ನೇ ಕೇಳ್ತೀನಿ," ಎಂದಳು. ಮುಂದಿನ ತಿಂಗಳ ಮೊದಲ ಭಾನುವಾರ, ನಿಮ್ಮಲ್ಲಿ ಸಂಜೆ ಐದಕ್ಕೆ ನಿನಗೆ ವಿಡಿಯೋ ಕರೆ ಬರುತ್ತದೆ.

ನೀನು ಏನು ಹೇಳುತ್ತೀ ಎಂದು ನನಗೆ ಗೊತ್ತು. ಅದೇ ನನ್ನ ಹೆದರಿಕೆ.

ಅವತ್ತು ನನಗೆ ರಜೆ ಸಿಕ್ಕಿತ್ತು. ಎಂಟು ದಿನಕ್ಕೆ ನಿಖಾ. ಪೇಟೆ ಮುಟ್ಟಿದ ಕೂಡಲೇ ಹೊರಡುವುದೆಂದು ತಟ್ಟೆಯಲ್ಲಿ ಕೆಂಡ ತುಂಬಿ ಪ್ಯಾಂಟಿಗೆ ಇಸ್ತ್ರಿ ಹಾಕಿ ತೊಟ್ಟುಕೊಂಡಿದ್ದೆ. ಮಡಿಕೆ ಕತ್ತಿಯ ಹಾಗಿತ್ತು. ಹನ್ನೊಂದನೆಯ ಮೋರಿಯ ಕೆಳಗೆ ಮೊಣಕಾಲುದ್ದ ಕೆಸರು. "ನಿನ್ನೆ ಸಂಜೆನೇ ನೋಡೇನಿ, ಮಣ್ಣು ಹಂಗs ಐತಿ, ನಡಿ ಹೋಗೂಣು," ಎಂದೆ. ನೀನು ಎರಡೂ ಭುಜಕ್ಕೆ ಒದ್ದೆ. ನಾನು ನಿಲ್ಲಿಸಿದೆ, ಆದರೆ ಏಳಲಿಲ್ಲ. "ಮದುಮಗನ ಪ್ಯಾಂಟು ಹೊಲಸಾಗೂದು ಬ್ಯಾಡ, ಕುಂದ್ರು ಮಗನ," ಎಂದು ನಗುತ್ತಲೇ ನೀನು ಇಳಿದೆ. ಮದ್ದಿನ ವಾಸನೆಯೂ ಇಲ್ಲ, ಮಣ್ಣೂ ಇಲ್ಲ. ಇದ್ದದ್ದು ಒಂದು ಇಸ್ತ್ರಿ.

ನಿನ್ನ ಪಾದದ ಕೆಳಗೆ ಸಿಡಿದದ್ದು ಸಣ್ಣ ಮೈನು. ಮೋರಿಯೊಳಗೆ ಲಾರಿಗಳಿಗಾಗಿ ಕಾಯುತ್ತಿದ್ದ ದೊಡ್ಡದು ಆಮೇಲೆ ಸಿಕ್ಕಿತು. ಕಾಡಿನಿಂದ ಗುಂಡು ಬರುತ್ತಿದ್ದಾಗ ಗಾಡಿಯನ್ನು ನಿನಗೂ ಕಾಡಿಗೂ ನಡುವೆ ಅಡ್ಡ ತಂದು ನಿಲ್ಲಿಸಿದ್ದು, ನಿನ್ನನ್ನು ಎತ್ತಿ ತಂದದ್ದು ನಿಜ. ಅದೊಂದು ನನ್ನದೇ, ಅದನ್ನು ಬಿಟ್ಟುಕೊಡುವುದಿಲ್ಲ. ಅದಕ್ಕೇ ನನಗೆ ಪ್ರಶಂಸಾಪತ್ರ ಬಂತು. ಆದರೆ ವಿಚಾರಣೆಯಲ್ಲಿ ನೀನು ಹಾಸಿಗೆಯಲ್ಲೇ ಮಲಗಿ ಹೇಳಿಕೆ ಬರೆಸಿದೆ: ಮೋರಿ ಎಣಿಸುವಾಗ ಲೆಕ್ಕ ತಪ್ಪಿತು, ನನ್ನ ಸರದಿಯೆಂದೇ ಇಳಿದೆ. ಕಾಲೂ ನಿನ್ನದು ಹೋಯಿತು, ತಪ್ಪೂ ನಿನ್ನದಾಯಿತು.

ಮದ್ರಾಸಿನ ಆಸ್ಪತ್ರೆಗೆ ನಾನು ಬಂದಿದ್ದೆ. ನೀನು ಮಲಗಿದ್ದೆ, ಎಬ್ಬಿಸಲಿಲ್ಲ ಎಂದು ಎಲ್ಲರಿಗೂ ಹೇಳುತ್ತೇನೆ. ನೀನು ಎಚ್ಚರವಾಗಿದ್ದೆ. ದಿಂಬಿಗೆ ಒರಗಿ ಪಕ್ಕದ ಹಾಸಿಗೆಯವನಿಗೆ ಏನೋ ತಮಾಷೆ ಹೇಳುತ್ತಿದ್ದೆ. ನಾನು ಬಾಗಿಲಲ್ಲೇ ನಿಂತು ಖರ್ಜೂರದ ಪೊಟ್ಟಣವನ್ನು ನರ್ಸಮ್ಮನ ಕೈಗೆ ಕೊಟ್ಟು ಹೊರಟುಬಂದೆ. ಅಂದಿನಿಂದ ನಿನಗೆ ಮುಖ ತೋರಿಸಿಲ್ಲ.

ಈ ಕಾಗದ ಬರೆಯುವ ಮೊದಲು ಅಮ್ನಾಳಿಗೆ ಎಲ್ಲ ಹೇಳಿದೆ. ಅವಳ ನಿಖಾದ ಇಸ್ತ್ರಿಯ ಮಾತಲ್ಲವೇ. ಎದ್ದು ಹೋಗಿ ಒಲೆ ಆರಿಸಿ ಬಂದಳು. ಆಮೇಲೆ, "ಮಗು ಮುಂದೆ ಅವರ ಬಾಯಲ್ಲಿ ಸುಳ್ಳು ಹೇಳಿಸಬೇಡಿ, ಅಷ್ಟು ಮಾಡಿ," ಎಂದಳು.

ಅದಕ್ಕೇ ಕೇಳುತ್ತಿದ್ದೇನೆ ಹಾಲಪ್ಪ. ನನ್ನನ್ನು ಇನ್ನೊಂದು ಸಲ ಕಾಪಾಡಬೇಡ. ಬಿಸ್ಮಾ ಕೇಳಿದಾಗ, ಆದದ್ದು ಆದ ಹಾಗೆ ಹೇಳು. ನಾನೇ ಅವಳಿಗೆ ಮೊದಲು ಹೇಳಿಬಿಡಬಹುದಿತ್ತು, ಎರಡು ಸಲ ಶುರುವೂ ಮಾಡಿದೆ. ಎರಡು ಸಲವೂ ಕಥೆಯ ಕೊನೆಗೆ ನಾನೇ ಗೆದ್ದುಬಿಟ್ಟೆ, ಹಾಳು ನಾಲಿಗೆ. ಕರೆಯ ದಿನ ದುಭಾಷಿಯಾಗಿ ನಾನು ಕೂರುತ್ತೇನೆಂದು ಮೊದಲು ಒಪ್ಪಿಕೊಂಡಿದ್ದೆ. ನಿನ್ನ ಕನ್ನಡವನ್ನು ನಾನು ದಖನಿಗೆ ತಿರುಗಿಸಿದರೆ ದಾರಿಯಲ್ಲಿ ಎಷ್ಟು ಲಾರಿ ಹುಟ್ಟುತ್ತವೆಂದು ನೀನೇ ಊಹಿಸು! ಈಗ ಆ ಕೆಲಸ ತಲತ್‌ಗೆ ಒಪ್ಪಿಸಿದ್ದೇನೆ. ನಾನು ಮಗುವಿನ ಪಕ್ಕದಲ್ಲಿ ನಿನ್ನ ಕಣ್ಣಿಗೆ ಬೀಳುವ ಹಾಗೆ, ಬಾಯಿ ಮುಚ್ಚಿಕೊಂಡು ಕೂತಿರುತ್ತೇನೆ.

ನಿನ್ನ ಮನೆಯವರಿಗೂ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ, ನಿನ್ನ ನಗೆಗೆ ದೇವರು ಇನ್ನಷ್ಟು ಆಯಸ್ಸು ಕೊಡಲಿ. ಹೇಳಿ ಮುಗಿಸಿದ ಮೇಲೆ ನನ್ನನ್ನು ಬೈಯಬೇಕೆನ್ನಿಸಿದರೆ ಹೊಟ್ಟೆ ತುಂಬ ಬೈ. ಒಂದು ಮಾತನ್ನೂ ಬಿಡದೆ ಮಗುವಿಗೆ ತಿಳಿಸಬೇಕೆಂದು ತಲತ್‌ಗೆ ಹೇಳಿಟ್ಟಿದ್ದೇನೆ.

ನಿನ್ನ ಬೂಟಿನ ಮುಂದೆ ಕೂತಿದ್ದವನು,
ಮನ್ಸೂರ್